2022ರ ಇಷ್ಟದ ಹತ್ತು ಸಿನಿಮಾ: ಏಳು ಮಂದಿಯ ಪಟ್ಟಿಯನ್ನು ಒಂದು ಮಾಡುವ ಕ್ರಮ

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಏಳು ಮಂದಿ ಗೆಳೆಯರು. ಊರಿನ ವಾಚನಾಲಯದ ಕೈಬರಹ ಪತ್ರಿಕೆಗಾಗಿ ಪ್ರತಿ ಸಲ ಒಂದು ಇಸವಿಯನ್ನು ಆರಿಸಿಕೊಂಡು, ಆ ವರ್ಷದ ಇಷ್ಟದ ಹತ್ತು ಸಿನಿಮಾಗಳನ್ನು ಕ್ರಮವಾಗಿ ಬರೆಯುತ್ತೇವೆ. ಈ ಸಲ 2022. ಕನ್ನಡ, ಮಲಯಾಳ, ತುಳು ಮೂರೂ ಸೇರಿವೆ. ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ ಕೂಡಿಸಿ ನೋಡಿದೆವು. ಬಂದ ಪಟ್ಟಿ ಏಳು ಮಂದಿಯಲ್ಲಿ ಒಬ್ಬರಿಗೂ ಒಪ್ಪಿಗೆಯಾಗಲಿಲ್ಲ. ಕೆಲವು ಸಿನಿಮಾ 2022ರದ್ದೇ ಹೌದೋ ಎಂಬಲ್ಲಿಯೇ ಒಂದು ಸಂಜೆ ಕಳೆದುಹೋಯಿತು. ಸರಿಯಾದ ಕ್ರಮ ಯಾವುದು?

ಉತ್ತರ: ನೀವು ಆರಿಸಿಕೊಂಡ ಇಸವಿಯಲ್ಲಿಯೇ ತೊಡಕು ಉಂಟು. ಆದ್ದರಿಂದ ಮೊದಲು ಇಸವಿಯನ್ನು ಕಟ್ಟಿಹಾಕಿ, ಆಮೇಲೆ ಸಿನಿಮಾದ ಮಾತು.

ಒಂದು ಸಿನಿಮಾಕ್ಕೆ ನಾಲ್ಕು ಹುಟ್ಟಿದ ದಿನಗಳಿರಬಹುದು: ಸೆನ್ಸಾರ್ ಪ್ರಮಾಣಪತ್ರ ಸಿಕ್ಕಿದ್ದು, ಚಿತ್ರೋತ್ಸವದಲ್ಲಿ ಮೊದಲು ತೋರಿಸಿದ್ದು, ಥಿಯೇಟರಿಗೆ ಬಂದದ್ದು, ಒಟಿಟಿಗೆ ಬಂದದ್ದು. ರಾಷ್ಟ್ರಪ್ರಶಸ್ತಿಯವರು ಪ್ರಮಾಣಪತ್ರದ ವರ್ಷ ನೋಡುತ್ತಾರೆ. ಹಾಗಾಗಿ ‘777 ಚಾರ್ಲಿ’ ಥಿಯೇಟರಿಗೆ ಬಂದದ್ದು 2022ರ ಜೂನ್ 10ಕ್ಕೆ, ಆದರೆ ಅತ್ಯುತ್ತಮ ಕನ್ನಡ ಚಿತ್ರ ಎಂಬ ಪ್ರಶಸ್ತಿ ಪಡೆದದ್ದು 2021ರ ಸಾಲಿನಲ್ಲಿ. ‘ಡೊಳ್ಳು’ ಇನ್ನೂ ಹಿಂದೆ ಹೋಗುತ್ತದೆ: ಪ್ರಶಸ್ತಿ 2020ರ ಸಾಲಿನದು, ಥಿಯೇಟರಿಗೆ ಬಂದದ್ದು 2022ರ ಆಗಸ್ಟಿನಲ್ಲಿ. ಮಲಯಾಳದಲ್ಲಿ ಇದೇ ತೊಡಕು ತಲೆಕೆಳಗಾಗಿದೆ. ‘ನನ್‌ಪಗಲ್ ನೇರತ್ತ್ ಮಯಕ್ಕಂ’ 2022ರ ಡಿಸೆಂಬರಿನಲ್ಲಿ ತಿರುವನಂತಪುರದ ಚಿತ್ರೋತ್ಸವದಲ್ಲಿ ಕಾಣಿಸಿಕೊಂಡು, 2022ರ ಕೇರಳ ರಾಜ್ಯಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರವೂ ಆಯಿತು. ಸಾಮಾನ್ಯ ಪ್ರೇಕ್ಷಕರಿಗೆ ಥಿಯೇಟರಿನಲ್ಲಿ ಸಿಕ್ಕಿದ್ದು ಮಾತ್ರ 2023ರ ಜನವರಿ 19ಕ್ಕೆ. ‘ಆಟ್ಟಂ’ 2022ರ ಸಾಲಿನ ರಾಷ್ಟ್ರೀಯ ಅತ್ಯುತ್ತಮ ಚಿತ್ರ. ಅದು ಥಿಯೇಟರಿಗೆ ಬಂದಾಗ 2024ರ ಜನವರಿ.

ನಿಮ್ಮ ಏಳು ಮಂದಿಯಲ್ಲಿ ಒಬ್ಬರು ಪ್ರಶಸ್ತಿಯ ಪಟ್ಟಿಯನ್ನು ಹಿಡಿದು ಮಾತನಾಡಿರುತ್ತಾರೆ, ಇನ್ನೊಬ್ಬರು ಟಿಕೇಟಿನ ನೆನಪನ್ನು ಹಿಡಿದು. ಇಬ್ಬರೂ ತಪ್ಪು ಹೇಳಿರಲಿಕ್ಕಿಲ್ಲ. ಇಷ್ಟದ ಪಟ್ಟಿಗೆ ನಾನು ಸೂಚಿಸುವ ನಿಯಮ ಇದು: ಟಿಕೇಟು ಕೊಟ್ಟೋ ಚಂದಾ ಕಟ್ಟಿಯೋ ಸಾಮಾನ್ಯ ಪ್ರೇಕ್ಷಕ ಭಾರತದಲ್ಲಿ ಮೊದಲ ಬಾರಿ ನೋಡಬಹುದಾಗಿದ್ದ ದಿನವೇ ಸಿನಿಮಾದ ದಿನ. ಚಿತ್ರೋತ್ಸವದ ಪ್ರದರ್ಶನ ಲೆಕ್ಕಕ್ಕಿಲ್ಲ. ನೇರವಾಗಿ ಒಟಿಟಿಗೆ ಬಂದದ್ದಾದರೆ ಆ ದಿನವೇ ದಿನ. ಮಮ್ಮುಟ್ಟಿಯವರ ‘ಪುಳು’ ಹಾಗೆ 2022ರ ಮೇ ತಿಂಗಳಲ್ಲಿ ಬಂದದ್ದು. ಮೊದಲು ಥಿಯೇಟರ್, ಆಮೇಲೆ ಒಟಿಟಿ ಆದರೆ ಥಿಯೇಟರಿನ ದಿನ. ಈ ನಿಯಮದಲ್ಲಿ ‘ಗರುಡ ಗಮನ ವೃಷಭ ವಾಹನ’ ಹೊರಗೆ ಹೋಗುತ್ತದೆ, ಏಕೆಂದರೆ ಅದು 2021ರ ನವೆಂಬರಿನದು. ಗಡಿಯ ಈಚೆ ಇರುವ ಬಹಳ ಮಂದಿ ಅದನ್ನು 2022ರ ಜನವರಿಯಲ್ಲಿ ಒಟಿಟಿಯಲ್ಲಿಯೇ ನೋಡಿದ್ದು, ಆದ್ದರಿಂದ ನೆನಪು ಅದನ್ನು 2022ಕ್ಕೆ ಸೇರಿಸುತ್ತದೆ. ಬೇಸರವಾಗುತ್ತದೆ, ಆದರೂ ಬಿಡಿ. ಒಂದಕ್ಕೆ ಬಾಗಿಲು ತೆರೆದರೆ ಮುಂದಿನದಕ್ಕೆ ಮುಚ್ಚಲು ಕಾರಣ ಉಳಿಯುವುದಿಲ್ಲ.

ಭಾಷೆಗೂ ಒಂದು ಸಾಲಿನ ನಿಯಮ ಸಾಕು: ಸಿನಿಮಾ ಒಂದೇ ಸಲ ಎಣಿಕೆಗೆ ಬರುತ್ತದೆ, ಮೂಲ ಭಾಷೆಯ ಹೆಸರಿನಲ್ಲಿ, ಮೂಲದ ಬಿಡುಗಡೆಯ ದಿನದಲ್ಲಿ. ‘ಕಾಂತಾರ’ ಕನ್ನಡದಲ್ಲಿ ಸೆಪ್ಟೆಂಬರ್ 30ಕ್ಕೆ ಬಂತು, ಮಲಯಾಳಕ್ಕೆ ಡಬ್ ಆಗಿ ಅಕ್ಟೋಬರ್ 20ಕ್ಕೆ. ನಿಮ್ಮಲ್ಲಿ ಕೆಲವರು ಮಂಗಳೂರಿಗೆ ಹೋಗಿ ಮೊದಲನೆಯದನ್ನು ನೋಡಿರಬಹುದು, ಕೆಲವರು ಹತ್ತಿರದಲ್ಲಿ ಎರಡನೆಯದನ್ನು. ಪಟ್ಟಿಯಲ್ಲಿ ಅದು ಒಂದೇ. ಆದರೆ ಯಾರು ಯಾವುದನ್ನು ನೋಡಿದರು ಎಂದು ಪಕ್ಕದಲ್ಲಿ ಬರೆದಿಡಿ, ಮುಂದೆ ಬೇಕಾಗುತ್ತದೆ. ಸಾಕ್ಷ್ಯಚಿತ್ರ ಸೇರುತ್ತದೋ ಇಲ್ಲವೋ ಎಂಬುದನ್ನೂ ಈಗಲೇ ತೀರ್ಮಾನಿಸಿ. ಅಕ್ಟೋಬರ್ 28ರ ‘ಗಂಧದ ಗುಡಿ’ ಹೇಗೂ ಮಾತಿಗೆ ಬರುತ್ತದೆ. ನನ್ನನ್ನು ಕೇಳಿದರೆ ಸೇರಿಸಿ. ಜನ ಅದನ್ನು ಟಿಕೇಟು ಕೊಂಡು, ಪರದೆಯ ಮುಂದೆ ಕುಳಿತು ನೋಡಿದ್ದಾರೆ.

ಇನ್ನು ನೋಡಿದ ಸಿನಿಮಾಗಳ ಪೂರ್ತಿ ಪಟ್ಟಿ. ನೆನಪಿನಿಂದ ಮಾತ್ರ ಬರೆದರೆ ವರ್ಷದ ಕೊನೆಯ ಮೂರು ತಿಂಗಳು ಉಬ್ಬಿ, ಮೊದಲ ಮೂರು ತಿಂಗಳು ಬತ್ತಿಹೋಗುತ್ತವೆ. ಜನವರಿಯ ‘ಹೃದಯಂ’, ಮಾರ್ಚಿನ ‘ಪಡ’ ಹೀಗೆಯೇ ಬಿಟ್ಟುಹೋಗುವುದು. ಫೋನಿನಲ್ಲಿರುವ ಟಿಕೇಟಿನ ಸಂದೇಶ, ಒಟಿಟಿ ಖಾತೆಯಲ್ಲಿ ‘ಈ ಹಿಂದೆ ನೋಡಿದ್ದು’ ಎಂಬ ವಿಭಾಗ ಇವೆರಡನ್ನು ತೆರೆದು ತಿಂಗಳು ತಿಂಗಳಾಗಿ ಬರೆಯಿರಿ. ನಡುವೆ ಖಾಲಿ ಕಂಡಲ್ಲಿ ಹಬ್ಬ ಹಿಡಿದು ಯೋಚಿಸಿ: ವಿಷುವಿಗೆ ಏನು ನೋಡಿದೆವು, ಓಣಂ ರಜೆಗೆ ಏನು, ದೀಪಾವಳಿಗೆ ಏನು? ‘ಕೆಜಿಎಫ್ ಚಾಪ್ಟರ್ 2’ ಏಪ್ರಿಲ್ 14ಕ್ಕೆ ಬಂದದ್ದು ವಿಷುವಿನ ಜತೆಗೇ ನೆನಪಿರುತ್ತದೆ, ಅದರ ಅಕ್ಕಪಕ್ಕದ್ದೂ ಎಳೆದುಕೊಂಡು ಬರುತ್ತದೆ. ಅರ್ಧಕ್ಕೆ ಬಿಟ್ಟದ್ದನ್ನು ಬರೆಯಬೇಡಿ. ಪ್ರತಿ ಹೆಸರಿನ ಮುಂದೆ ಎಲ್ಲಿ ನೋಡಿದ್ದು ಎಂದು ಒಂದಕ್ಷರ: ಥಿಯೇಟರಾದರೆ ಥಿ, ಟಿವಿಯಾದರೆ ಟಿ, ಮೊಬೈಲಾದರೆ ಮೊ.

ಆ ಒಂದಕ್ಷರ ಯಾಕೆ ಮುಖ್ಯ ಎಂದರೆ, ‘ಕಾಂತಾರ’ದ ಕೊನೆಯ ಭಾಗದ ಶಕ್ತಿ ಬಹುಪಾಲು ಶಬ್ದದಲ್ಲಿದೆ. ದೈವದ ಆ ಕೂಗು ಇಡೀ ಸಭಾಂಗಣವನ್ನು ತುಂಬಿದಾಗ ಆಗುವ ಅನುಭವ ಐದೂವರೆ ಇಂಚಿನ ಪರದೆಯಲ್ಲಿ, ಕಿವಿಗೆ ಸಿಕ್ಕಿಸಿದ ತಂತಿಯಲ್ಲಿ ಬರುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಹಾಡಿನ ಕುರಿತ ದಾವೆಯ ಕಾರಣ 2022ರ ನವೆಂಬರಿನಲ್ಲಿ ಈ ಸಿನಿಮಾ ಒಟಿಟಿಗೆ ಬಂದಾಗ ‘ವರಾಹ ರೂಪಂ’ ಬದಲಾದ ರಾಗಸಂಯೋಜನೆಯಲ್ಲಿತ್ತು. ಆ ದಿನಗಳಲ್ಲಿ ಮನೆಯಲ್ಲಿ ನೋಡಿದವರು ಥಿಯೇಟರಿನವರು ಕೇಳಿದ ಹಾಡನ್ನು ಕೇಳಿಯೇ ಇಲ್ಲ. ಇಬ್ಬರು ಕೂತು ಸ್ಥಾನಕ್ಕಾಗಿ ವಾದಿಸುವಾಗ ಒಂದೇ ಸಿನಿಮಾವನ್ನು ನೋಡಿದ್ದೇವೆ ಎಂದು ತಿಳಿದುಕೊಂಡಿರುತ್ತಾರೆ. ಡಬ್ಬಿಂಗಿನದ್ದೂ ಹಾಗೆಯೇ: ಕುಂದಾಪುರದ ಕಡೆಯ ಮಾತಿನ ಲಯ ಮಲಯಾಳದ ಡಬ್ಬಿಂಗಿನಲ್ಲಿ ಉಳಿಯುವುದಿಲ್ಲ, ಆ ಲಯವೇ ಅರ್ಧ ಹಾಸ್ಯವನ್ನು ಹೊತ್ತಿತ್ತು.

ಈಗ ಅಂಕದ ವಿಷಯ. ಹತ್ತಕ್ಕೆ ಏಳು, ಏಳೂವರೆ ಎಂದು ಹಾಕುವುದನ್ನು ಪೂರ್ತಿಯಾಗಿ ಬಿಟ್ಟುಬಿಡಿ. ಮೂವತ್ತು ಸಿನಿಮಾಗಳಿಗೆ ಅಂಕ ಹಾಕಿಸಿದರೆ ಇಪ್ಪತ್ತು 6ಕ್ಕೂ 8ಕ್ಕೂ ನಡುವೆ ಬಂದು ಕೂರುತ್ತವೆ, ಅವುಗಳೊಳಗೆ ಮೇಲು ಕೆಳಗು ಯಾವುದೆಂದು ಅಂಕ ಹೇಳುವುದಿಲ್ಲ. ಮೊದಲ ಹತ್ತು ಸಿನಿಮಾಗಳಿಗೆ ಹಾಕುವಾಗ ಇದ್ದ ಅಳತೆಗೋಲು ಕೊನೆಯ ಹತ್ತಕ್ಕೆ ಬರುವಾಗ ಬೇರೆಯಾಗಿರುತ್ತದೆ. ಏಳು ಮಂದಿಯದ್ದು ಏಳು ಅಳತೆ. ಒಬ್ಬರ 6 ಇನ್ನೊಬ್ಬರ 8. ಅದನ್ನು ಕೂಡಿಸುವುದೆಂದರೆ ಸೇರನ್ನೂ ಕಿಲೋವನ್ನೂ ಕೂಡಿಸಿದ ಹಾಗೆ. ನಿಮ್ಮ ಮೊದಲ ಪಟ್ಟಿ ಯಾರಿಗೂ ಒಪ್ಪಿಗೆಯಾಗದ್ದು ಇದೇ ಕಾರಣಕ್ಕೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಬದಲಿಗೆ ಎರಡೆರಡನ್ನು ಎದುರುಬದುರು ಇಡಿ. ಮನಸ್ಸಿಗೆ ಅಂಕ ಹಾಕಲು ಕಷ್ಟ, ಎರಡರಲ್ಲಿ ಒಂದನ್ನು ಆರಿಸಲು ಕಷ್ಟವಿಲ್ಲ. ಮೊದಲು ಒಂದೊಂದು ಹೆಸರನ್ನು ಒಂದೊಂದು ಚೀಟಿಯಲ್ಲಿ ಬರೆದು ಮೂರು ರಾಶಿ ಮಾಡಿ: ಖಂಡಿತ ಬೇಕು, ನೋಡೋಣ, ಬೇಡ. ಇದಕ್ಕೆ ಒಂದು ಚೀಟಿಗೆ ಐದು ಸೆಕೆಂಡಿಗಿಂತ ಹೆಚ್ಚು ಕೊಡಬೇಡಿ. ಮೊದಲ ರಾಶಿಯಲ್ಲಿ ಹತ್ತಕ್ಕಿಂತ ಕಡಿಮೆ ಬಂದರೆ ಎರಡನೆಯದರಿಂದ ಕೆಲವನ್ನು ಎತ್ತಿ ಒಟ್ಟು ಹನ್ನೆರಡು ಮಾಡಿಕೊಳ್ಳಿ.

ಹನ್ನೆರಡನ್ನೂ ಪ್ರತಿಯೊಂದರ ಜತೆ ಹೋಲಿಸಲು ಹೊರಟರೆ 66 ಜೋಡಿ ಆಗುತ್ತದೆ. ಅರ್ಧಕ್ಕೆ ದಣಿದು, ಆಮೇಲೆ ಬಾಯಿಗೆ ಬಂದದ್ದನ್ನು ಹೇಳುತ್ತೀರಿ. ಸುಲಭದ ದಾರಿ ಉಂಟು. ಎರಡು ಚೀಟಿ ಇಟ್ಟು ಮೇಲಿನದು ಯಾವುದೆಂದು ನಿರ್ಧರಿಸಿ. ಮೂರನೆಯದರಿಂದ ಮುಂದೆ, ಹೊಸ ಚೀಟಿಯನ್ನು ಈಗಾಗಲೇ ಇರುವ ಸಾಲಿನ ನಟ್ಟನಡುವಿನ ಚೀಟಿಯ ಜತೆ ಹೋಲಿಸಿ. ಮೇಲೆ ಎಂದಾದರೆ ಮೇಲಿನ ಅರ್ಧದ ನಡುವಿನದ್ದರ ಜತೆ, ಕೆಳಗೆ ಎಂದಾದರೆ ಕೆಳಗಿನ ಅರ್ಧದ ನಡುವಿನದ್ದರ ಜತೆ ಮತ್ತೊಮ್ಮೆ. ಹೀಗೆ ಜಾಗ ಸಿಗುವವರೆಗೆ. ಹನ್ನೆರಡನೇ ಚೀಟಿಗೂ ನಾಲ್ಕಕ್ಕಿಂತ ಹೆಚ್ಚು ಹೋಲಿಕೆ ಬೇಡ. ಒಟ್ಟು ಹೆಚ್ಚೆಂದರೆ 33, ಅಂದರೆ ಅರ್ಧ ಕೆಲಸ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಹೋಲಿಸುವಾಗ ಕೇಳುವ ಪ್ರಶ್ನೆ ಮಾತ್ರ ಒಂದೇ ಇರಬೇಕು. ಇಲ್ಲಿಯೇ ಹೆಚ್ಚಿನವರು ಎಡವುವುದು. ‘ಇವತ್ತು ರಾತ್ರಿ ಯಾವುದನ್ನು ಮತ್ತೆ ನೋಡುತ್ತೀರಿ?’ ಎಂದು ಕೇಳಿದರೆ ನಗಿಸುವ ಸಿನಿಮಾಗಳು ಮಾತ್ರ ಮೇಲೇರುತ್ತವೆ. ‘ಪುಳು’ವಿನಂಥದನ್ನು ಊಟ ಮುಗಿಸಿ ಮತ್ತೊಮ್ಮೆ ನೋಡಲು ಯಾರು ಕೂರುತ್ತಾರೆ? ‘ಯಾವುದು ಚೆನ್ನಾಗಿದೆ?’ ಎಂದು ಕೇಳಿದರೆ ನಿಮ್ಮೊಳಗಿನ ವಿಮರ್ಶಕ ಎದ್ದು ಕೂತು, ಗೌರವ ಇರುವ ಆದರೆ ಪ್ರೀತಿ ಇಲ್ಲದ ಸಿನಿಮಾವನ್ನು ಮೇಲಿಡುತ್ತಾನೆ. ಇಷ್ಟದ ಪಟ್ಟಿಗೆ ಹೊಂದುವ ಪ್ರಶ್ನೆ ಇದು: ‘ಈ ಎರಡರಲ್ಲಿ ಒಂದನ್ನು ನಾನು ನೋಡಿಯೇ ಇರಲಿಲ್ಲ ಎಂದಾದರೆ, ಯಾವುದರ ಕೊರತೆ ಹೆಚ್ಚು?’ ಇದರಲ್ಲಿ ನಗುವಿಗೂ ನೋವಿಗೂ ಸಮಾನ ಅವಕಾಶ ಸಿಗುತ್ತದೆ.

ಆದರೂ ಒಮ್ಮೊಮ್ಮೆ ಸುತ್ತು ಬೀಳುತ್ತದೆ. ‘ಕಾಂತಾರ’ ‘ಚಾರ್ಲಿ’ಗಿಂತ ಮೇಲೆ, ‘ಚಾರ್ಲಿ’ ಮಲಯಾಳದ ‘ನ್ನಾ ತಾನ್ ಕೇಸ್ ಕೊಡ್’ಗಿಂತ ಮೇಲೆ, ಆದರೆ ‘ನ್ನಾ ತಾನ್ ಕೇಸ್ ಕೊಡ್’ ‘ಕಾಂತಾರ’ಕ್ಕಿಂತ ಮೇಲೆ! ಮನಸ್ಸು ಕೆಟ್ಟದ್ದಲ್ಲ, ಪ್ರಶ್ನೆ ಜಾರಿದ್ದು. ಮೊದಲ ಜೋಡಿಯಲ್ಲಿ ಕೊನೆಯ ಇಪ್ಪತ್ತು ನಿಮಿಷ ನೋಡಿದಿರಿ, ಎರಡನೆಯದರಲ್ಲಿ ಕಣ್ಣೀರು ನೋಡಿದಿರಿ, ಮೂರನೆಯದರಲ್ಲಿ ಚಿತ್ರಕಥೆಯ ಬಿಗಿ ನೋಡಿದಿರಿ. ಮೂರು ಜೋಡಿಗೂ ಮೇಲಿನ ಪ್ರಶ್ನೆಯನ್ನು ಅದೇ ಶಬ್ದಗಳಲ್ಲಿ ಮತ್ತೆ ಕೇಳಿ. ಹೆಚ್ಚಾಗಿ ಸುತ್ತು ಬಿಚ್ಚಿಕೊಳ್ಳುತ್ತದೆ. ಬಿಚ್ಚದಿದ್ದರೆ ಮೂರನ್ನೂ ಒಂದೇ ಸ್ಥಾನದಲ್ಲಿಡಿ, ಮುಂದಿನ ಸ್ಥಾನವನ್ನು ಮೂರು ಬಿಟ್ಟು ಎಣಿಸಿ.

ಕಾಸರಗೋಡಿನವರಿಗೆಂದೇ ಒಂದು ಎಚ್ಚರ ಬೇಕು. ಊರು ಪರದೆಯ ಮೇಲೆ ಬಂದರೆ ಎದೆ ಉಬ್ಬುತ್ತದೆ. ‘ನ್ನಾ ತಾನ್ ಕೇಸ್ ಕೊಡ್’ನಲ್ಲಿ ಕೇಳುವುದು ನಿಮ್ಮ ಜಿಲ್ಲೆಯ ದಕ್ಷಿಣ ಭಾಗದ ಮಲಯಾಳ, ನ್ಯಾಯಾಲಯದ ದೃಶ್ಯಗಳಲ್ಲಿ ಕಾಣುವ ಮುಖಗಳು ನಿಮ್ಮ ಬಸ್ಸಿನಲ್ಲಿ ಕಾಣುವ ಮುಖಗಳು. ‘ಕಾಂತಾರ’ದ ಕೋಲ ನಿಮ್ಮ ಅಂಗಳದ್ದು, ನೀವು ಚಿಕ್ಕಂದಿನಿಂದ ಕೈಮುಗಿದು ನಿಂತದ್ದು. 2018ರ ಪಟ್ಟಿ ಮಾಡಿದರೆ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ ಇದೇ ರೀತಿ ಮೇಲಕ್ಕೆ ಜಿಗಿಯುತ್ತದೆ, ಏಕೆಂದರೆ ಅಲ್ಲಿರುವುದು ನಿಮ್ಮ ಶಾಲೆಯದ್ದೇ ಸಂಕಟ. ಆ ಪ್ರೀತಿಯನ್ನು ಕಳೆಯಬೇಡಿ, ಅದೂ ಇಷ್ಟವೇ. ಒಂದು ಪರೀಕ್ಷೆ ಮಾತ್ರ ಮಾಡಿ: ಊರಿನ ಗುರುತು ಇಲ್ಲದ ಒಂದು ದೃಶ್ಯವನ್ನು ಆ ಸಿನಿಮಾದಿಂದ ನೆನಪಿಸಿಕೊಳ್ಳಿ. ‘ನ್ನಾ ತಾನ್ ಕೇಸ್ ಕೊಡ್’ನಲ್ಲಿ ರಸ್ತೆಯ ಗುಂಡಿಯೊಂದರಿಂದ ಹೊರಟ ಪ್ರಕರಣ ಮಂತ್ರಿಯವರೆಗೆ ಹೋಗುವ ರೀತಿ ಯಾವ ಊರಿನಲ್ಲಾದರೂ ನಿಲ್ಲುತ್ತದೆ, ರತೀಶ್ ಬಾಲಕೃಷ್ಣನ್ ಪೊದುವಾಳ್ ಅವರಿಗೆ ಚಿತ್ರಕಥೆಗಾಗಿ ರಾಜ್ಯಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ. ಹಾಗೆ ಒಂದೂ ದೃಶ್ಯ ನೆನಪಿಗೆ ಬಾರದಿದ್ದರೆ, ನಿಮಗೆ ಇಷ್ಟವಾದದ್ದು ಊರು.

ಇದಕ್ಕೆ ಹತ್ತಿರದ್ದೇ ಇನ್ನೊಂದು. 2022ರ ಮಾರ್ಚ್ 17ಕ್ಕೆ ‘ಜೇಮ್ಸ್’ ಬಂದಾಗ ಪುನೀತ್ ರಾಜ್‌ಕುಮಾರ್ ತೀರಿಹೋಗಿ ಐದು ತಿಂಗಳೂ ಆಗಿರಲಿಲ್ಲ. ಆ ಸಿನಿಮಾವನ್ನು, ಆಮೇಲೆ ‘ಗಂಧದ ಗುಡಿ’ಯನ್ನು, ಕನ್ನಡಿಗರು ನೋಡಿದ್ದು ಒಬ್ಬ ಮನೆಮಗನನ್ನು ಕಳುಹಿಸಿಕೊಡುವ ಹಾಗೆ. ಇಂಥದನ್ನು ‘ಸಿನಿಮಾವಾಗಿ ಮಾತ್ರ ನೋಡಬೇಕು’ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮಲ್ಲಿ ಒಬ್ಬರು ‘ಗಂಧದ ಗುಡಿ’ಯನ್ನು ಒಂದನೇ ಸ್ಥಾನದಲ್ಲಿಟ್ಟರೆ ಅದು ಪೂರ್ತಿ ನ್ಯಾಯವಾದ ಒಂದನೇ ಸ್ಥಾನ. ಕಾರಣವನ್ನು ಮುಚ್ಚಿಡಬಾರದು ಅಷ್ಟೆ. ಛಾಯಾಗ್ರಹಣಕ್ಕಾಗಿ ಇಟ್ಟೆ ಎಂದು ಬರೆಯುವ ಬದಲು, ಅಪ್ಪುವನ್ನು ಕೊನೆಯ ಬಾರಿ ನೋಡಿದ್ದಕ್ಕಾಗಿ ಇಟ್ಟೆ ಎಂದು ಬರೆಯಿರಿ.

ಒಬ್ಬೊಬ್ಬರ ಪಟ್ಟಿ ಸಿದ್ಧವಾದ ಮೇಲೆ ಅದನ್ನು ಲಕೋಟೆಯಲ್ಲಿ ಹಾಕಿಟ್ಟು, ಹತ್ತು ದಿನ ಬಿಟ್ಟು, ಹಳೆಯದನ್ನು ನೋಡದೆ ಇನ್ನೊಮ್ಮೆ ಮಾಡಿ. ಮೂರಕ್ಕಿಂತ ಹೆಚ್ಚು ಸ್ಥಾನ ಜರುಗಿದ ಸಿನಿಮಾ ಯಾವುದೋ ಅದು ಸರಿಯಾಗಿ ನೆನಪಿಲ್ಲ ಎಂದರ್ಥ. ಅದನ್ನು ಮಾತ್ರ ಮತ್ತೆ ನೋಡಿ. ಎಲ್ಲವನ್ನೂ ಮತ್ತೆ ನೋಡುವ ಅಗತ್ಯವಿಲ್ಲ. ಮೊದಲ ಮೂರು ಸಾಮಾನ್ಯವಾಗಿ ಅಲುಗುವುದಿಲ್ಲ. ಐದರಿಂದ ಎಂಟರವರೆಗಿನವು ಪ್ರತಿ ಸಲ ಅದಲುಬದಲಾಗುತ್ತವೆ, ಅಲ್ಲಿ ವಾದ ಮಾಡಿ ಸಮಯ ಕಳೆಯಬೇಡಿ.

ಏಳನ್ನು ಒಂದು ಮಾಡುವಾಗ ಅತಿದೊಡ್ಡ ತಪ್ಪು ಆಗುವುದು ನೋಡದ ಸಿನಿಮಾದ ವಿಷಯದಲ್ಲಿ. ತುಳು ಸಿನಿಮಾಗಳನ್ನೇ ತೆಗೆದುಕೊಳ್ಳಿ. ವರ್ಷಕ್ಕೆ ಬರುವುದೇ ಕೆಲವು, ಪ್ರದರ್ಶನ ಹೆಚ್ಚಾಗಿ ಮಂಗಳೂರು, ಉಡುಪಿಯ ಸುತ್ತ, ಒಟಿಟಿಯಲ್ಲಿ ಸಿಗುವುದು ಅಪರೂಪ. ‘ರಾಜ್ ಸೌಂಡ್ಸ್ ಆ್ಯಂಡ್ ಲೈಟ್ಸ್’ ಅನ್ನು ಏಳರಲ್ಲಿ ಮೂವರು ನೋಡಿರಬಹುದು. ಉಳಿದ ನಾಲ್ವರ ಪಟ್ಟಿಯಲ್ಲಿ ಅದು ಇಲ್ಲದ್ದು ಇಷ್ಟವಾಗದೆ ಅಲ್ಲ, ಕಾಣದೆ. ಕೂಡಿಸುವಾಗ ಎರಡೂ ಸೊನ್ನೆಯಾದರೆ ತುಳು ಸಿನಿಮಾ ಯಾವ ಕಾಲಕ್ಕೂ ಪಟ್ಟಿಗೆ ಹತ್ತುವುದಿಲ್ಲ.

ಆದ್ದರಿಂದ ದೊಡ್ಡ ಹಾಳೆಯಲ್ಲಿ ಅಡ್ಡಕ್ಕೆ ಏಳು ಹೆಸರು, ಉದ್ದಕ್ಕೆ ಸಿನಿಮಾಗಳನ್ನು ಬರೆದು ಮೂರು ಬಗೆಯ ಗುರುತು ಹಾಕಿ. ನೋಡಿ ಪಟ್ಟಿಯಲ್ಲಿಟ್ಟದ್ದಕ್ಕೆ ಅಂಕ: ಒಂದನೇ ಸ್ಥಾನಕ್ಕೆ 10, ಎರಡನೆಯದಕ್ಕೆ 9, ಹೀಗೆ ಹತ್ತನೆಯದಕ್ಕೆ 1. ನೋಡಿ ಪಟ್ಟಿಯಲ್ಲಿಡದ್ದಕ್ಕೆ 0. ನೋಡದ್ದಕ್ಕೆ ಗೆರೆ. ಸೊನ್ನೆಯನ್ನೂ ಗೆರೆಯನ್ನೂ ಬೆರೆಸಿದರೆ ಇಡೀ ಲೆಕ್ಕ ಹಾಳು. ಜತೆಗೆ, ನೋಡಿದ್ದರ ಮೂರನೇ ಒಂದು ಪಾಲಿಗಿಂತ ಉದ್ದದ ಪಟ್ಟಿಯನ್ನು ಯಾರೂ ಕೊಡಬಾರದು: ಮೂವತ್ತು ನೋಡಿದವರು ಹತ್ತು ಕೊಡಲಿ, ಹನ್ನೆರಡೇ ನೋಡಿದವರು ನಾಲ್ಕು. ಹನ್ನೆರಡರಲ್ಲಿ ಹತ್ತನ್ನು ಎತ್ತಿದರೆ ಅದು ಆಯ್ಕೆಯಾಗುವುದಿಲ್ಲ.

ಈಗ ಒಟ್ಟು ಅಂಕ ಕೂಡಿಸುವುದೂ ತಪ್ಪು, ಬರೀ ಸರಾಸರಿಯೂ ತಪ್ಪು. ಮೂರು ಸಿನಿಮಾ ಇಟ್ಟು ನೋಡಿ. ‘ಕ’ವನ್ನು ಏಳೂ ಮಂದಿ ನೋಡಿ ಎಲ್ಲರೂ ಆರನೇ ಸ್ಥಾನ ಕೊಟ್ಟರು: ತಲಾ 5, ಒಟ್ಟು 35. ‘ಖ’ವನ್ನು ಮೂವರು ನೋಡಿ ಮೂವರೂ ಒಂದನೆಯದಾಗಿ ಇಟ್ಟರು: ಒಟ್ಟು 30. ‘ಗ’ವನ್ನು ಒಬ್ಬರೇ ನೋಡಿ ಒಂದನೆಯದಾಗಿ ಇಟ್ಟರು: 10. ಒಟ್ಟಿನ ಲೆಕ್ಕದಲ್ಲಿ ಯಾರಿಗೂ ತೀರಾ ಇಷ್ಟವಿಲ್ಲದ ‘ಕ’ ಗೆಲ್ಲುತ್ತದೆ. ನೋಡಿದವರ ಸರಾಸರಿಯಲ್ಲಿ ಒಬ್ಬರೇ ನೋಡಿದ ‘ಗ’ ಮೂವರ ‘ಖ’ದ ಸಮಕ್ಕೆ ಬಂದು ನಿಲ್ಲುತ್ತದೆ. ಪರಿಹಾರವಾಗಿ ಪ್ರತಿ ಸಿನಿಮಾಕ್ಕೂ ಇಬ್ಬರು ಕಲ್ಪಿತ ಪ್ರೇಕ್ಷಕರನ್ನು ಸೇರಿಸಿ, ಅವರಿಂದ ತಲಾ 2 ಅಂಕ ಕೊಡಿಸಿ. ಎರಡೇ ಯಾಕೆ? ಮೂವತ್ತು ನೋಡಿದವರು ಹತ್ತರೊಳಗೆ ಹಂಚುವುದು ಒಟ್ಟು 55 ಅಂಕ. ಒಂದು ಸಿನಿಮಾಕ್ಕೆ ಸರಾಸರಿ ಸುಮಾರು 2 ಬೀಳುತ್ತದೆ. ಒಟ್ಟಿಗೆ 4 ಸೇರಿಸಿ, ನೋಡಿದವರ ಸಂಖ್ಯೆಗೆ 2 ಸೇರಿಸಿ, ಭಾಗಿಸಿ. ‘ಕ’ಕ್ಕೆ 39 ಭಾಗ 9, ಅಂದರೆ 4.3. ‘ಖ’ಕ್ಕೆ 34 ಭಾಗ 5, 6.8. ‘ಗ’ಕ್ಕೆ 14 ಭಾಗ 3, 4.7. ಹೆಚ್ಚು ಮಂದಿ ನೋಡಿದಷ್ಟೂ ಕಲ್ಪಿತರ ಮಾತು ಕರಗುತ್ತದೆ, ಒಬ್ಬರೇ ನೋಡಿದ್ದರೆ ಅದು ಹಿಡಿದು ಎಳೆಯುತ್ತದೆ. ಇದರ ಮೇಲೆ, ಕನಿಷ್ಠ ಮೂವರು ನೋಡಿರದಿದ್ದರೆ ಮುಖ್ಯ ಪಟ್ಟಿಗೆ ಬೇಡ ಎಂಬ ಗೆರೆಯನ್ನೂ ಹಾಕಿ. ‘ಗ’ದಂಥವನ್ನು ಕೆಳಗೆ ‘ಒಬ್ಬರು ಕೈಹಿಡಿದು ತೋರಿಸುವ ಸಿನಿಮಾ’ ಎಂದು ಬೇರೆ ಬರೆಯಿರಿ. ಓದುವವರಿಗೆ ಕೆಲವೊಮ್ಮೆ ಅದೇ ಹೆಚ್ಚು ಉಪಕಾರ.

ಕೊನೆಗೆ ಮೊದಲ ಐದನ್ನು ಮಾತ್ರ ತಾಳೆ ನೋಡಿ. ಹತ್ತು ಜೋಡಿಯಾಗುತ್ತದೆ. ಪ್ರತಿ ಜೋಡಿಯಲ್ಲಿ ಎರಡನ್ನೂ ನೋಡಿದವರಷ್ಟೇ ಕೈ ಎತ್ತಲಿ. ಲೆಕ್ಕದಲ್ಲಿ ಕೆಳಗಿರುವುದಕ್ಕೆ ಮೇಲಿರುವುದಕ್ಕಿಂತ ಹೆಚ್ಚು ಕೈ ಎದ್ದರೆ ಅವೆರಡನ್ನು ಅದಲುಬದಲು ಮಾಡಿ. ಸಮ ಬಂದರೆ ಲೆಕ್ಕದ ಕ್ರಮವೇ ಇರಲಿ. ಕೈ ಎತ್ತಿಸುವ ಮೊದಲು ಏಳು ಮಂದಿಯ ಲಕೋಟೆಗಳೂ ಮೇಜಿನ ಮೇಲೆ ಬಂದಿರಬೇಕು. ದೊಡ್ಡ ಸ್ವರದವರು ಮೊದಲು ಮಾತನಾಡಿದರೆ ಉಳಿದವರ ಪಟ್ಟಿ ಅಲ್ಲಿಯೇ ಬದಲಾಗಿಬಿಡುತ್ತದೆ.

ಭಾಷೆಗೆ ಇಷ್ಟು ಸ್ಥಾನ ಎಂದು ಹಂಚಿಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಹತ್ತರಲ್ಲಿ ಏಳು ಮಲಯಾಳ ಬಂದರೂ ಏಳು ಕನ್ನಡ ಬಂದರೂ ಅದು ನೀವು ಏಳು ಮಂದಿ ಆ ವರ್ಷ ನಿಜವಾಗಿ ನೋಡಿದ ಲೋಕ. ಬೇಕಾದರೆ ಪ್ರತಿ ಹೆಸರಿನ ಮುಂದೆ ಎಷ್ಟು ಮಂದಿ ನೋಡಿದರು, ಎಷ್ಟು ಮಂದಿ ಥಿಯೇಟರಿನಲ್ಲಿ ನೋಡಿದರು ಎಂದು ಬರೆಯಿರಿ. ಕನ್ನಡ ಸಿನಿಮಾ ಯಾಕೆ ಕಡಿಮೆ ಎಂದು ಕೇಳುವವರಿಗೆ ಆ ಎರಡು ಅಂಕಿಗಳಲ್ಲಿ ಉತ್ತರ ಸಿಗುತ್ತದೆ: ಮಂಗಳೂರಿಗೆ ಹೋಗಿಬರುವ ಖರ್ಚು, ಊರಿನ ಪರದೆಗೆ ಎಷ್ಟು ಬಂತು ಎಂಬುದು.

ಕೈಬರಹದ ಪ್ರತಿಯಲ್ಲಿ ಪ್ರತಿ ಸಿನಿಮಾಕ್ಕೆ ಎರಡು ಸಾಲು ಸಾಕು. ಕಥೆ ಹೇಳಬೇಡಿ, ಒಂದು ದೃಶ್ಯ ಹೇಳಿ. ಪಟ್ಟಿಯ ತಲೆಯಲ್ಲೇ ಇಸವಿಯ ನಿಯಮವನ್ನೂ ಬರೆಯಿರಿ. ‘ನನ್‌ಪಗಲ್’, ‘ಆಟ್ಟಂ’ಗಳಂತೆ ನಿಯಮದಿಂದಾಗಿ ಹೊರಗುಳಿದವನ್ನು ಕೊನೆಯ ಪುಟದಲ್ಲಿ ಅವುಗಳ ಇಸವಿಯ ಜತೆ ಬರೆದಿಡಿ, 2023, 2024ರ ಪಟ್ಟಿಗೆ ಕೂರುವಾಗ ಅಲ್ಲಿಂದಲೇ ಶುರುಮಾಡಬಹುದು.